ಎಂಬತ್ತೆಂಟನೇ ಸಂಚಿಕೆ

ಎಂಬತ್ತೈದು ಇತ್ತು, ಎಂಬತ್ತೇಳು ಇತ್ತು, ಎಂಬತ್ತೊಂಬತ್ತೂ ಇತ್ತು. ಎಂಬತ್ತೆಂಟೇ ಇರಲಿಲ್ಲ. ಮನಿಷಾ ಟ್ರಂಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮತ್ತೆ ಮೊದಲಿನಿಂದ ನೋಡಿಕೊಂಡು ಬಂದಳು. ಒಂದು, ಮೂರು, ಐದು, ಏಳು. ಎಲ್ಲಾ ಒಂದು ಬಿಟ್ಟು ಒಂದು. ಇಲಿ ತಿಂದಿದೆ ಅನ್ನೋಣವೆಂದರೆ ಯಾವ ಇಲಿ ಹೀಗೆ ಮಗ್ಗಿ ಹೇಳಿಕೊಂಡು ತಿಂದೀತು?

ಹೊರಗೆ ಪಡಸಾಲೆಯಲ್ಲಿ ಅವಳ ಅಣ್ಣ ಪಾರಿಸ ಮತ್ತು ತಮ್ಮ ವೃಷಭ ಕೂತಿದ್ದರು. ಇಬ್ಬರ ನಡುವೆ ನೇಮಿನಾಥ ಕಾಕಾ. ಉಗಾರ ಬುದ್ರುಕದಲ್ಲಿ ಯಾರ ಮನೆಯ ಆಸ್ತಿ ಪಾಲಾದರೂ ಪಂಚನಾಗಿ ಕೂರುವವರು ಈ ಕಾಕಾನೇ. ಮುಂದಿನ ಸ್ಟೂಲಿನ ಮೇಲೆ ಹಕ್ಕಸೋಡ ಪತ್ರ, ಅಂದರೆ ಹಕ್ಕು ಬಿಟ್ಟುಕೊಡುವ ಕಾಗದ, ಅದರ ಮೇಲೊಂದು ಪೆನ್ನು. ತಂದೆ ತೀರಿ ವರ್ಷ ತುಂಬಿದ ಮೇಲೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಹೋಳಿಗೆ ಉಣಿಸಿ, ಒಂದು ಸೀರೆ ಕೊಟ್ಟು, ‘ಆಸ್ತಿಯಲ್ಲಿ ನನಗೇನೂ ಬೇಡ’ ಎಂದು ಬರೆಸಿಕೊಳ್ಳುವುದು ಈ ಕಡೆಯ ರೂಢಿ. ಇವತ್ತು ಪಂಚರ ಮುಂದೆ ಸಹಿ, ನಾಳೆ ಕಚೇರಿಯಲ್ಲಿ ನೋಂದಣಿ. ಸೀರೆ ಆಗಲೇ ಬಂದಿತ್ತು, ಇಳಕಲ್ಲಿನದು, ನವಿಲುಗರಿ ಬಣ್ಣದ್ದು.

ಮನಿಷಾಗೆ ಇದರಲ್ಲಿ ತಕರಾರೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಬೇಕು? ನಲವತ್ತು ವರ್ಷದ ಹೆಂಗಸು, ಅಥಣಿಯಲ್ಲಿ ಶಾಲೆ ಮಕ್ಕಳ ಯುನಿಫಾರ್ಮ್ ಹೊಲಿಯುತ್ತಾಳೆ, ತಾನುಂಟು ತನ್ನ ಮಶೀನುಂಟು. ಸೋದರತ್ತೆ ಸಹಿ ಹಾಕಿದ್ದಳು, ಅವ್ವ ಹಾಕಿದ್ದಳು, ತಾನೂ ಹಾಕುವುದು. ಹಾಕಿ, ಊಟ ಮಾಡಿ, ಹೋಗುವಾಗ ಅಪ್ಪನ ಟ್ರಂಕನ್ನು ಬಸ್ಸಿಗೇರಿಸುವುದು. ಅದನ್ನು ಮುಂಚೆ ಕೇಳಿಟ್ಟಿರಲಿಲ್ಲ. ಆ ಹಳೇ ಪುಸ್ತಕ ಯಾರಿಗೆ ಬೇಕು ಅಂದುಕೊಂಡಿದ್ದಳು.

ಟ್ರಂಕಿನ ತುಂಬ ಇದ್ದದ್ದು ‘ಕಿಡಿಪಡೆ’. ತಿಂಗಳಿಗೊಂದರಂತೆ ಬರುವ ಚಿತ್ರಕಥೆ, ಮೂವತ್ತೈದು ವರ್ಷದಿಂದ ಬರುತ್ತಲೇ ಇದೆ. ಬರೆಯುವವರು ಮೂರು ಮಂದಿ ಬದಲಾದರು, ಚಿತ್ರ ಬಿಡಿಸುವವರು ಎಷ್ಟೋ ಮಂದಿ, ಪಡೆ ಮಾತ್ರ ಅದೇ. ಕಬ್ಬಿಣದ ಕೈಯ ಲೋಹಪಾಣಿ, ಗುಡ್ಡದಷ್ಟು ಭಾರದ ಗುಡ್ಡಯ್ಯ, ಅವಳಿ ಅಣ್ಣತಮ್ಮಂದಿರು, ಮತ್ತು ಶ್ರವಣೆ. ಶ್ರವಣೆಗೆ ಹಾರಲಿಕ್ಕೆ ಬರುವುದಿಲ್ಲ, ಹೊಡೆಯಲಿಕ್ಕೆ ಬರುವುದಿಲ್ಲ. ಹರದಾರಿ ಆಚೆ ಇರುವೆ ನಡೆದರೂ ಕೇಳಿಸಿಕೊಳ್ಳುತ್ತಾಳೆ, ಅಷ್ಟೇ. ಮನಿಷಾಗೆ ಐದು ವರ್ಷವಿದ್ದಾಗ ಅಪ್ಪ ಮಿರಜ ಸ್ಟೇಶನ್ನಿನಿಂದ ಒಂದನೇ ಸಂಚಿಕೆ ತಂದು ಅವಳ ಕೈಯಲ್ಲಿಟ್ಟಿದ್ದ. ಮದುವೆಯಾಗಿ ಹೋದ ಮೇಲೂ ತರುವುದು ನಿಲ್ಲಲಿಲ್ಲ. ಕೃಷ್ಣಾ ಹೊಳೆ ಊರೊಳಗೆ ನುಗ್ಗಿದ ವರ್ಷ ಟಿವಿ ಬಿಟ್ಟು ಈ ಟ್ರಂಕನ್ನು ತಲೆ ಮೇಲೆ ಹೊತ್ತು ಬಸದಿಯ ಮಾಳಿಗೆ ಏರಿದ ಮನುಷ್ಯ ಅವನು. ಅವ್ವ ರಾಜಮತಿ ಮೂರು ದಿನ ಗಂಡನ ಜೊತೆ ಮಾತು ಬಿಟ್ಟಿದ್ದಳು.

ಮನಿಷಾ ಎಂಬತ್ತೇಳನ್ನು ಕೈಯಲ್ಲಿ ಹಿಡಿದೇ ಪಡಸಾಲೆಗೆ ಬಂದು ಅಣ್ಣನನ್ನು ಕೇಳಿದಳು. “ದಾದಾ, ಎಂಬತ್ತೆಂಟು ಎಲ್ಲೈತಿ?”

ಪಾರಿಸ ಕಣ್ಣು ಕಣ್ಣು ಬಿಟ್ಟ. ವೃಷಭ ಮೊಬೈಲಿನಿಂದ ತಲೆ ಎತ್ತಿ, ಸಮಸಂಖ್ಯೆಯವು ತನ್ನ ತೋಟದ ಮನೆಯಲ್ಲಿವೆ ಎಂದ. ಗೊಬ್ಬರದ ಚೀಲದ ಮೇಲೆ ಇಟ್ಟಿದ್ದಾನಂತೆ. ಅಕ್ಕನ ಮುಖ ನೋಡಿ ಒದ್ದೆ ಆಗಿಲ್ಲ ಎಂದೂ ಸೇರಿಸಿದ.

ನೇಮಿನಾಥ ಕಾಕಾ ಗಂಟಲು ಸರಿಮಾಡಿಕೊಂಡು ವಿವರಿಸಿದರು. ಅವರ ಪಾಲಿನ ಪದ್ಧತಿ ಸುತ್ತಮುತ್ತ ಹೆಸರಾದದ್ದು. ಹೊಲದ ಒಂದು ತುದಿ ಸವಳು, ಇನ್ನೊಂದು ತುದಿ ಕರಿಮಣ್ಣು ಇದ್ದಾಗ ನಡುವೆ ಗೆರೆ ಎಳೆದರೆ ಜಗಳ. ಅದಕ್ಕೇ ನಿಂತ ಕಬ್ಬನ್ನು ಅವರು ಸಾಲು ಸಾಲಾಗಿ ಹಂಚುತ್ತಿದ್ದರು, ಒಂದು ನಿನಗೆ, ಒಂದು ಅವನಿಗೆ. ಈ ಮನೆಯ ಕಬ್ಬನ್ನೂ ಹಾಗೇ ಹಂಚಿದರು, ಹಿತ್ತಾಳೆ ಪಾತ್ರೆಯನ್ನೂ ಹಾಗೇ ಹಂಚಿದರು. ಕೊನೆಗೆ ಟ್ರಂಕು ಹೊರಬಂತು. ಅಣ್ಣತಮ್ಮಂದಿರಲ್ಲಿ ಒಬ್ಬನೂ ಒಂದು ಹಾಳೆ ಓದಿದವನಲ್ಲ. ಆದರೆ ಅವನಿಗೆ ಹೋಗುವುದು ತನಗ್ಯಾಕಿಲ್ಲ ಎಂದು ಇಬ್ಬರೂ ಹಟ ಹಿಡಿದರು. ಕಾಕಾ ನಂಬರು ನೋಡಿ ಅದನ್ನೂ ಸಾಲಿನಂತೆ ಹಂಚಿಬಿಟ್ಟರು. ಒಂದೂ ಹೆಚ್ಚುಕಡಿಮೆ ಆಗಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಮನಿಷಾ ಕೈಯಲ್ಲಿದ್ದ ಎಂಬತ್ತೇಳನ್ನು ಎದೆಗವಚಿಕೊಂಡಳು. ಅವರಿಗೆ ಏನೆಂದು ಹೇಳುವುದು? ಎಂಬತ್ತೇಳರಲ್ಲಿ ಶುರುವಾದದ್ದು ಎಂಬತ್ತೆಂಟರಲ್ಲಿ ಮುಗಿಯುತ್ತದೆ ಎಂದು ಕಬ್ಬಿನ ಸಾಲು ಹಂಚುವವರಿಗೆ ತಿಳಿಸುವುದು ಹೇಗೆ? ಎಲ್ಲಾ ಪುಸ್ತಕ ತನಗೆ ಕೊಡಿ ಎಂದಳು. ವೃಷಭ ಕೊಟ್ಟರೆ ನಾನೂ ಕೊಡುತ್ತೇನೆ ಎಂದ ಪಾರಿಸ. ಮೊದಲು ದಾದಾ ಕೊಡಲಿ ಎಂದ ವೃಷಭ.

ಕಾಕಾ ರಾಜಿಯ ಒಂದು ತೋಡು ತೆಗೆದರು. ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ದಾಳೆ, ಬರಿಗೈಲಿ ಕಳಿಸಬಾರದು. ಒಟ್ಟು ಹತ್ತು ಪುಸ್ತಕ, ತನಗೆ ಇಷ್ಟವಾದವನ್ನು, ಇಬ್ಬರ ಪಾಲಿನಿಂದಲೂ ಆರಿಸಿಕೊಳ್ಳಲಿ. ಆಮೇಲೆ ಸಹಿ.

ಮನಿಷಾ ಒಪ್ಪಿದಳು. ಒಪ್ಪಿಬಿಟ್ಟಳು ನೋಡಿ, ಅಭ್ಯಾಸ ಬಲ. ಟ್ರಂಕನ್ನು ಪಡಸಾಲೆಗೆ ಎಳೆದುತಂದು ಒಂದೊಂದೇ ತೆಗೆಯತೊಡಗಿದಳು. ವೃಷಭನ ಪಾಲಿನವು ಎದುರಿಗಿಲ್ಲದಿದ್ದರೂ ಅವಳಿಗೆ ನಂಬರು ಬಾಯಿಪಾಠವಿತ್ತು. ಹದಿನಾಲ್ಕು ಬೇಕು, ಶ್ರವಣೆ ಪಡೆಗೆ ಸೇರುವುದು ಅದರಲ್ಲೇ. ಮೈಮೇಲೆ ಅಮ್ಮ ಎದ್ದು ಅವಳು ಜ್ವರದಲ್ಲಿ ಮಲಗಿದ್ದಾಗ ಅಪ್ಪ ತಲೆದಿಂಬಿನ ಹತ್ತಿರ ಕೂತು ಓದಿ ಹೇಳಿದ್ದ. ನಲವತ್ತೊಂದು ಬೇಕು. ಅದರಲ್ಲಿ ಒಂದೇ ಒಂದು ಹೊಡೆದಾಟವಿಲ್ಲ, ಇಡೀ ಪುಸ್ತಕ ಗುಡ್ಡಯ್ಯನ ಹುಟ್ಟುಹಬ್ಬ, ಅವನು ಕೂತ ಕುರ್ಚಿ ಎಲ್ಲಾ ಮುರಿಯುತ್ತವೆ, ಕೊನೆಗೆ ನೆಲದ ಮೇಲೆ ಎಲೆ ಹಾಕಿ ಎಲ್ಲರೂ ಅವನ ಸುತ್ತ ಕೂರುತ್ತಾರೆ. ಇನ್ನೂರು ಬೇಕು, ದಪ್ಪನೆಯದು, ಸತ್ತವರು ಬದುಕಿದವರು ಎಲ್ಲಾ ಒಟ್ಟಿಗೆ ಬರುವುದು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಕಾಕಾ ಅಡಕೊತ್ತು ಕೆಳಗಿಟ್ಟರು.

ಎಂಬತ್ತೇಳು, ಎಂಬತ್ತೆಂಟು ಜೋಡಿ ಎಂದು ಹೇಳಿ ಅವಳು ಕಥೆ ಶುರುಮಾಡಿದಳು. ದುಷ್ಟರು ಆಣೆಕಟ್ಟಿನ ಮೇಲೆ ನಿಂತಿದ್ದಾರೆ. ಲೋಹಪಾಣಿಯನ್ನು ಸರಪಳಿಯಲ್ಲಿ ಕಟ್ಟಿದ್ದಾರೆ, ಗುಡ್ಡಯ್ಯ ಕೆಸರಿನಲ್ಲಿ ಹೂತಿದ್ದಾನೆ, ಅವಳಿಗಳು ತಮ್ಮತಮ್ಮಲ್ಲೇ ಜಗಳಾಡಿ ಬೇರೆಯಾಗಿದ್ದಾರೆ. ಕೆಳಗೆ ನಲವತ್ತು ಹಳ್ಳಿ. ಸಂಗೀತಗಾರ್ತಿಯಂತೆ ಕಣ್ಣು ಮುಚ್ಚಿ ನಿಂತ ಶ್ರವಣೆಗೆ ಮಾತ್ರ ಕಲ್ಲಿನೊಳಗೆ ಕೂದಲೆಳೆಯಷ್ಟು ಬಿರುಕು ಓಡುವ ಸದ್ದು ಕೇಳುತ್ತದೆ. ಅವಳು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಎಂಬತ್ತೇಳು ಮುಗಿಯಿತು.

“ಒಡೀತೇನು ಆಣೆಕಟ್ಟು?” ವೃಷಭ ಕೇಳಿದ. ಅವನ ಮೊಬೈಲು ಕೆಳಗಿತ್ತು.

“ನಿನ್ನ ಗೊಬ್ಬರದ ಚೀಲದ ಮ್ಯಾಲ ಐತಲ್ಲ, ನೋಡಕೋ.”

ಹತ್ತಾದವು. ಅವಳ ಕೈ ತಾನಾಗಿ ಹನ್ನೊಂದನೆಯದಕ್ಕೆ ಹೋಯಿತು, ನೂರಾ ಹದಿಮೂರಕ್ಕೆ. ಶ್ರವಣೆಗೆ ಕಿವಿ ಕೇಳದಂತಾಗುವ ಸಂಚಿಕೆ ಅದು. ಇಡೀ ಪುಸ್ತಕದಲ್ಲಿ ಒಂದೂ ಮಾತಿಲ್ಲ, ಬರೀ ಚಿತ್ರ. ಎಲ್ಲಕ್ಕಿಂತ ಅವಳಿಗೆ ಪ್ರೀತಿಯದು. ಅದನ್ನೇ ಕೊನೆಗೆಂದು ಬಿಟ್ಟಿದ್ದಳು, ಎಣಿಕೆ ತಪ್ಪಿತ್ತು.

ಪಾರಿಸ ಮೆಲ್ಲಗೆ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ. ಹತ್ತು ಆದವು ಎಂದ. ಸಿಟ್ಟಿನಿಂದಲ್ಲ, ಅಂಗಡಿಯವನು ಹುಡುಗಿಗೆ ಚಾಕಲೇಟು ಸಾಕು ಅನ್ನುವ ಹಾಗೆ. ಕಾಕಾ ಪೆನ್ನಿನ ಟೋಪಿ ತೆಗೆದು ಅವಳ ಕಡೆ ಚಾಚಿದರು.

ಅವಳು ಪೆನ್ನು ನೋಡಿದಳು, ಪುಸ್ತಕ ಹಿಡಿದ ಅಣ್ಣನ ಕೈ ನೋಡಿದಳು. ತನ್ನದೇ ಪುಸ್ತಕ, ತನಗೆಂದೇ ಅಪ್ಪ ತಂದದ್ದು. ಅದರಲ್ಲಿ ಹತ್ತನ್ನು ಬೇಡಿ ತೆಗೆದುಕೊಳ್ಳುತ್ತ ಅರ್ಧ ತಾಸಿನಿಂದ ಎಷ್ಟು ಸಂತೋಷದಲ್ಲಿದ್ದೆ ಎಂದು ನೆನೆದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ಅಷ್ಟು ತಣ್ಣನೆಯ ಸಿಟ್ಟು ಅವಳಿಗೆ ಬಂದಿರಲಿಲ್ಲ.

“ಕಾಕಾ, ಎಷ್ಟು ಪಾಲು ಮಾಡೀರಿ?”

“ಎರಡವ್ವಾ.”

“ಮಕ್ಕಳು ಎಷ್ಟು ಮಂದಿ?”

ಕಾಕಾ ಪಾರಿಸನ ಕಡೆ ನೋಡಿದರು. ಅಡುಗೆಮನೆಯ ಹೊಸ್ತಿಲ ಮೇಲಿಂದ ರಾಜಮತಿ ಹೇಳಿದಳು, “ಮೂರು.” ಅಷ್ಟು ಹೇಳಿ ಮತ್ತೆ ಒಳಗೆ ಹೋಗಿ ಹೋಳಿಗೆ ಮಗುಚಿ ಹಾಕಿದಳು.

ಮನಿಷಾ ನೆಟ್ಟಗೆ ಕೂತಳು. ಹಾಗಾದರೆ ಕಾಕಾನ ಪದ್ಧತಿಯಂತೆಯೇ ಮತ್ತೆ ಮೊದಲಿನಿಂದ ಹಂಚೋಣ ಎಂದಳು. ಒಂದು ದಾದಾನಿಗೆ, ಒಂದು ವೃಷಭನಿಗೆ, ಒಂದು ತನಗೆ. ಪುಸ್ತಕ ಹಾಗೇ, ಪಾತ್ರೆ ಹಾಗೇ, ಕಬ್ಬೂ ಹಾಗೇ. ಪ್ರತಿ ಮೂರನೇ ಸಾಲು ತನ್ನದು. ನಾಳೆಯಿಂದ ಆ ಸಾಲಿಗೆ ತಾನೇ ನೀರು ಬಿಡುತ್ತಾಳೆ. ಕಡಿಯುವ ಗ್ಯಾಂಗು ಬಂದಾಗ ಎರಡು ಸಾಲು ಕಡಿದು ಒಂದನ್ನು ಬಿಡಲಿ, ಮತ್ತೆ ಎರಡು ಕಡಿದು ಒಂದನ್ನು ಬಿಡಲಿ. ತನ್ನ ಕಬ್ಬನ್ನು ಯಾವ ಫ್ಯಾಕ್ಟರಿಗೆ ಕಳಿಸುವುದೋ ಆಮೇಲೆ ನೋಡಿದರಾಯಿತು.

ಕಾಕಾನ ಮುಖ ಸಪ್ಪಗಾಯಿತು. ಅವರು ಎಷ್ಟೋ ಹೊಲ ಹಂಚಿದವರು, ಮಗಳ ಸಹಿ ಇಲ್ಲದೆ ಈ ಹಂಚಿಕೆ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪಾರಿಸ ಎದ್ದು ನಿಂತ. “ನಿನಗ ತವರಮನಿ ಬೇಕೋ ಬ್ಯಾಡೋ?”

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಇನ್ನು ನಾಗರಪಂಚಮಿಗೆ ಬರುವ ಹಾಗಿಲ್ಲ, ಈ ಪಡಸಾಲೆ ಇಲ್ಲ, ಅವ್ವನ ಮಡಿಲಿಲ್ಲ. ಈ ಒಂದು ಹೆದರಿಕೆಗೇ ಅಲ್ಲವೇ ಸೋದರತ್ತೆ ಸಹಿ ಹಾಕಿದ್ದು? ಒಂದು ಗಳಿಗೆ ಮನಿಷಾ ಪೆನ್ನಿನ ಕಡೆ ನೋಡಿದ್ದೂ ಹೌದು.

ರಾಜಮತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೇ ಬಂದಳು. “ಪಾರಿಸಾ, ಈ ಮನಿ ಬಾಗಲಾ ದಿನಾ ಮುಂಜಾನೆ ತೆಗಿಯಾಕಿ ನಾನು. ಯಾರಿಗಿ ತೆಗೀಬೇಕು ಅನ್ನೂದು ನನಗ ಗೊತ್ತೈತಿ. ಕುಂದರು.”

ಪಾರಿಸ ಕೂತ. ಇಡೀ ಉಗಾರದಲ್ಲಿ ಅವನನ್ನು ಹಾಗೆ ಕೂರಿಸಬಲ್ಲವರು ಇನ್ನೊಬ್ಬರಿಲ್ಲ.

ಆಮೇಲಿನದು ಬೇಗ ಮುಗಿಯಿತು. ಕಾಕಾ ತಾವು ತಪ್ಪಿದ್ದನ್ನು ಒಪ್ಪಿಕೊಳ್ಳುವ ಜಾತಿಯವರಲ್ಲ, ಆದರೆ ಎಣಿಸುವಾಗ ಒಂದು ಬಿಟ್ಟುಹೋಗಿತ್ತು ಎಂದು ನಾಲಿಗೆ ಕಚ್ಚಿಕೊಂಡರು. ಸಾಲು ಬಿಟ್ಟು ಸಾಲು ಬೇಡ, ಬಾವಿಯ ಕಡೆ ಒಂದೇ ತುಂಡಾಗಿ ಮಗಳಿಗೆ ಮೂರನೇ ಪಾಲು ಬಿಡೋಣ, ಕಬ್ಬು ಹೋದ ಮೇಲೆ ಅಳತೆಯವರನ್ನು ಕರೆಸೋಣ ಎಂದರು. ವೃಷಭ ಅಣ್ಣನ ಮುಖ ನೋಡಿದ, ಅಣ್ಣ ಗೋಡೆ ನೋಡಿದ, ಕೊನೆಗೆ ಇಬ್ಬರೂ ಹೂಂ ಎಂದರು.

“ಹೊಲ ಸಾವಕಾಶ ಆಗಲಿ,” ಎಂದಳು ಮನಿಷಾ. “ಪುಸ್ತಕ ಇವತ್ತ ಬೇಕು. ಎಲ್ಲಾ. ಹೊತ್ತು ಮುಳುಗೂದ್ರಾಗ.”

ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಜೈನರ ಮನೆ. ಹೋಳಿಗೆ ಆರುತ್ತಿತ್ತು. ವೃಷಭ ಬೈಕು ಹತ್ತಿ ತೋಟದ ಮನೆಗೆ ಹೋದ. ಹತ್ತು ನಿಮಿಷದ ದಾರಿ, ಅರ್ಧ ತಾಸಾದರೂ ಬರಲಿಲ್ಲ. ಇವನೇನು ಮನಸ್ಸು ತಿರುಗಿಸಿದನೋ ಎಂದು ಮನಿಷಾ ಬಾಗಿಲಿಗೂ ಒಳಗೂ ತಿರುಗಾಡಿದಳು. ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ಬೈಕು ಬಂತು, ಹಿಂದೆ ಎರಡು ಚೀಲ ಕಟ್ಟಿಕೊಂಡು. ಚೀಲ ಇಳಿಸುವ ಮೊದಲೇ ಅವನು ಅಂಗಿಯೊಳಗಿಂದ ಎಂಬತ್ತೆಂಟನ್ನು ತೆಗೆದು ಅಕ್ಕನ ಕೈಗಿಟ್ಟ.

“ಆಕಿ ಶ್ರವಣೆ ಒದರಿದ್ದು ನಲವತ್ತೂ ಹಳ್ಳಿಗಿ ಕೇಳತೈತಲ್ಲ ಅಕ್ಕಾ,” ಎಂದ. ಅವನ ಕಣ್ಣು ಕೆಂಪಾಗಿದ್ದವು.

ಎಲ್ಲರೂ ಉಂಡರು. ಮನಿಷಾ ನಾಲ್ಕು ಹೋಳಿಗೆ ಉಂಡಳು, ತುಪ್ಪ ಹಾಕಿಸಿಕೊಂಡು. ಸೀರೆಯ ಮಾತು ಯಾರೂ ಎತ್ತಲಿಲ್ಲ. ಬಣ್ಣ ಚೆನ್ನಾಗಿದೆ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಅವಳೇ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಕಾಕಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪಡಸಾಲೆಯ ತುಂಬ ಪುಸ್ತಕ ಹರಡಿ ಅವಳು ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು ಎಂದು ಜೋಡಿಸುತ್ತ ಹೋದಳು. ಕೊನೆಗೆ ಪಾರಿಸ ಯಾರ ಕಡೆಯೂ ನೋಡದೆ, ಆ ಎಂಬತ್ತೇಳು ಎಲ್ಲಿದೆ ಎಂದು ಕೇಳಿದ. ಇಲ್ಲೇ ಕೂತು ಓದಬೇಕು, ಹಾಳೆ ಮಡಚಬಾರದು ಎಂದು ಹೇಳಿ ಅವಳು ಕೊಟ್ಟಳು. ಅವನು ಗೋಡೆಗೆ ಒರಗಿ ಮೊದಲ ಹಾಳೆ ತಿರುವಿದ.

ಎಂಬತ್ತೆಂಟರ ಹೊದಿಕೆ ಗೊಬ್ಬರದ ಚೀಲಕ್ಕೆ ತಿಕ್ಕಿ ಹರಿದಿತ್ತು. ರಾಜಮತಿ ಅದನ್ನು ಮಗಳ ಕೈಯಿಂದ ತೆಗೆದುಕೊಂಡು ಸುತ್ತ ನೋಡಿದಳು. ಸ್ಟೂಲಿನ ಮೇಲಿದ್ದ ಹಕ್ಕಸೋಡ ಪತ್ರ ಎತ್ತಿಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು. ದಪ್ಪ ಕಾಗದ. ನೆಲಕ್ಕೆ ಕೂತು ಅದರ ಮೇಲೆ ಪುಸ್ತಕ ಬಿಚ್ಚಿಟ್ಟು, ನಾಲ್ಕೂ ಅಂಚನ್ನು ಒಳಗೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಸಾವಕಾಶವಾಗಿ ಎಳೆದಳು.