ತಿಪ್ಪೇರುದ್ರಪ್ಪ ಮುಚ್ಚಿದ ತೂತು

ಮಂಡಿಪೇಟೆಯ ತಿಪ್ಪೇರುದ್ರಪ್ಪ ಒಂದು ದಿನಕ್ಕೆ ಕೊಚ್ಚಿಕೊಳ್ಳುತ್ತಿದ್ದ ಮಾತುಗಳನ್ನು ಸಾಲಾಗಿ ನಿಲ್ಲಿಸಿದ್ದರೆ, ಆ ಸಾಲು ದಾವಣಗೆರೆಯಿಂದ ಹೊರಟು ಹರಿಹರದ ಸೇತುವೆ ದಾಟಿ ಹೊಳೆಯಾಚೆಗೂ ಹೋಗುತ್ತಿತ್ತು. ಅವನ ತಾತ ಐಸ್‌ಕ್ರೀಮು ತಿನ್ನಿಸಿದ ಮೇಲೆಯೇ ಬಿಳಿ ದೊರೆಗಳಿಗೆ ಈ ದೇಶದ ಬಿಸಿಲು ತಾಳುವ ಶಕ್ತಿ ಬಂದದ್ದಂತೆ. ನಿಜ ಏನೆಂದರೆ, ತಾತ ಒಬ್ಬ ದೊರೆಯ ಬಂಗಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ. ದೊರೆ ಊರು ಬಿಡುವಾಗ ಮೂರು ತಿಂಗಳ ಸಂಬಳದ ಬದಲು ಒಂದು ಹಳೆಯ ಐಸ್‌ಕ್ರೀಮು ಯಂತ್ರವನ್ನು ಅವನ ತಲೆಗೆ ಕಟ್ಟಿ ಹೋಗಿದ್ದ.

ತಿಪ್ಪೇರುದ್ರಪ್ಪ ಹುಟ್ಟಿದ ಮೇಲೆ ಆ ಯಂತ್ರದ ಹಿಡಿಕೆಯನ್ನು ಒಂದು ಸುತ್ತೂ ತಿರುಗಿಸಿದವನಲ್ಲ. ತಿರುಗಿಸುತ್ತಿದ್ದವಳು ಹೆಂಡತಿ ಕಮಲಕ್ಕ. ಹನ್ನೊಂದು ಬೇಸಿಗೆ, ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಭೂಮಿ ಸೂರ್ಯ ಚಂದ್ರರೆಲ್ಲ ಸೇರಿ ತಿರುಗಿದ್ದಕ್ಕಿಂತ ಹೆಚ್ಚು ಅವಳು ಆ ಹಿಡಿಕೆ ತಿರುಗಿಸಿದ್ದಳು. ಅವಳ ಬಲದೋಳು ಕಂಡು ಗರಡಿಮನೆಯ ಪೈಲ್ವಾನರು ದಾರಿ ಬಿಡುತ್ತಿದ್ದರು. ಗಂಡ ಮಾತ್ರ ಮುಂದೆ ಗಲ್ಲಾಪೆಟ್ಟಿಗೆಯ ಬಳಿ ಕೂತು, ಗಿರಾಕಿಗಳಿಗೆ "ಎಲ್ಲಾ ನಮ್ಮ ಕೈಗುಣ" ಎನ್ನುತ್ತಿದ್ದ.

ಆ ವರ್ಷದ ಬೇಸಿಗೆಯೋ! ತುಂಗಭದ್ರೆಯ ಮೀನುಗಳು ದಡ ಹತ್ತಿ ಹುಣಸೆಮರದ ನೆರಳಿಗೆ ಬಂದಿದ್ದವು. ಅಂಥ ಬಿಸಿಲಲ್ಲಿ ಹರಿಹರದ ಕೆಂಚವೀರಪ್ಪ ಮಗಳ ಮದುವೆ ಇಟ್ಟುಕೊಂಡ. ಅವನದೊಂದು ಟೆಂಟ್ ಸಿನೆಮಾ ಇತ್ತು. ಮದುವೆಗೆ ಐಸ್‌ಕ್ರೀಮು ಬೇಕೆಂದು ತಿಪ್ಪೇರುದ್ರಪ್ಪನಿಗೆ ಹೇಳಿಕಳಿಸುವಾಗಲೇ ಅವನು ಮಾತು ಕೊಟ್ಟಿದ್ದ: ಐಸ್‌ಕ್ರೀಮು ಚೆನ್ನಾಗಿ ಬಂದರೆ ಬೇಸಿಗೆಯಿಡೀ ಟೆಂಟಿನ ಬಾಗಿಲಿನ ಅಂಗಡಿ ನಿಮಗೆ, ಕೆಟ್ಟರೆ ಕುಲ್ಫಿ ಮಾಡುವ ಹಯಾತ್ ಸಾಬ್‌ಗೆ.

ಕಮಲಕ್ಕ ಅಂದಿನಿಂದ ನಿದ್ದೆಯಲ್ಲೂ ಆ ಅಂಗಡಿಯನ್ನೇ ಕಾಣುತ್ತಿದ್ದಳು. ಗಾಳಿ ಬೆಳಕು ಇರುವ ಕಡೆ, ತಿನ್ನುವವರ ಮುಖ ಕಾಣುವ ಕಡೆ ಒಮ್ಮೆ ಕೂರಬೇಕು. ಅಷ್ಟೇ ಅವಳ ಆಸೆ.

ಮದುವೆಯ ದಿನ ಬೆಳಿಗ್ಗೆ ಎರಡು ಯಂತ್ರ ಸಿದ್ಧವಾದವು: ತಾತನ ಕಾಲದ ದೊಡ್ಡದು, ಆಮೇಲೆ ಕೊಂಡ ಚಿಕ್ಕದು. ಮರದ ಬಕೀಟು, ಅದರ ನಡುವೆ ಹಾಲು ತುಂಬಿದ ತಗಡಿನ ಡಬ್ಬಿ, ಸುತ್ತಲೂ ಒಡೆದ ಐಸು ಮತ್ತು ಹರಳುಪ್ಪು. ಬಕೀಟಿನ ಪಕ್ಕದಲ್ಲಿ, ಡಬ್ಬಿಯ ಮುಚ್ಚಳಕ್ಕಿಂತ ನಾಲ್ಕು ಬೆರಳು ಕೆಳಗೆ, ಒಂದು ತೂತು. ಕರಗಿದ ಉಪ್ಪುನೀರು ಮುಚ್ಚಳದ ತನಕ ಏರಿ ಹಾಲಿಗೆ ಸೇರದೆ ಅಲ್ಲಿಂದಲೇ ಹರಿದುಹೋಗಲಿ ಅಂತ. ಅತ್ತೆ ಇವಳಿಗೆ ಮೊದಲು ಕಲಿಸಿದ್ದೇ ಆ ತೂತನ್ನು ಕಡ್ಡಿ ಹಾಕಿ ಬಿಡಿಸುತ್ತಿರುವುದನ್ನು.

ದೊಡ್ಡ ಯಂತ್ರ ಬಸ್ಸಿನ ಮೇಲೇರಿತು. ಮದುಮಗಳಿಗೆಂದು ಮಾಡಿದ ಚಿಕ್ಕದನ್ನು ಕಮಲಕ್ಕ ಮುಂದಿನ ಹೆಂಗಸರ ಸೀಟಿನಲ್ಲಿ ಕಾಲ ಬಳಿ ಇಟ್ಟುಕೊಂಡು, ತೂತಿನ ನೀರಿಗೆ ಸೀರೆಯ ಅಂಚು ನೆನೆದರೂ ಹರಿಯಲು ಬಿಟ್ಟಳು.

ಅರ್ಧ ದಾರಿಯಲ್ಲಿ ಕಂಡಕ್ಟರ್ ಜಾಫರ್ ಹಿಂದಿನಿಂದ ಕೂಗಿದ: "ಯಾರ್ರೀ ಮ್ಯಾಲಿನ ಬಕೀಟು? ಉಪ್ಪುನೀರು ಸೋರಿ ಕಿಟಕಿ ಪಕ್ಕದೋರೆಲ್ಲ ಕೋಸಂಬರಿ ಆಗ್ಯಾರೆ!"

"ಅದು ಮಂಡಿಪೇಟೆ ತೀರ್ಥ ಕಣಯ್ಯಾ, ಪುಣ್ಯ ಇದ್ದೋರ ತಲೆಗೇ ಬೀಳ್ತೈತೆ," ಎಂದ ತಿಪ್ಪೇರುದ್ರಪ್ಪ.

"ತೀರ್ಥ ನಿಲ್ಸ್ತೀರೋ, ಇಲ್ಲೇ ಇಳೀತೀರೋ?"

ತಿಪ್ಪೇರುದ್ರಪ್ಪ ಮೇಲೆ ಹತ್ತಿದ, ತೂತು ಕಂಡ. ಮೂರು ತಲೆಮಾರಿನ ಕಣ್ಣಿಗೆ ಬೀಳದ ದೋಷ ತನ್ನ ಕಣ್ಣಿಗೆ ಬಿತ್ತೆಂದು ಹಿಗ್ಗಿದ. ಶಲ್ಯದ ತುದಿ ಹರಿದು, ಮುದ್ದೆ ಮಾಡಿ, ಒಳಗೆ ಗಿಡಿದ. ಇಳಿದು ಬಂದು ಪಕ್ಕದವನಿಗೆ, "ಹೆಂಗಸರ ಕೈಗೆ ಯಂತ್ರ ಕೊಟ್ರೆ ಹಿಂಗೇ ನೋಡ್ರಿ," ಎಂದ. ಎಂಜಿನ್ನಿನ ಗದ್ದಲದಲ್ಲಿ ಮುಂದೆ ಕೂತ ಕಮಲಕ್ಕನಿಗೆ ಇದೊಂದೂ ಕೇಳಿಸಲಿಲ್ಲ.

ಹರಿಹರದ ಚಪ್ಪರದಲ್ಲಿ ಬಕೀಟು ಇಳಿಸಿದಾಗ ಕಮಲಕ್ಕನ ಕಣ್ಣು ಮೊದಲು ಹೋದದ್ದು ಅದರ ಪಕ್ಕಕ್ಕೆ.

"ಏನ್ರೀ, ಬಕೀಟು ಯಾಕ ಒಣಗೈತೆ?"

"ಸೋರ್ತಿತ್ತು, ಮುಚ್ಚಿದೆ. ನಿನಗೆ ಹನ್ನೊಂದು ವರ್ಷದಾಗೆ ಹೊಳೀಲಿಲ್ಲ."

"ಅಯ್ಯೋ, ಬಡಿಸ್ಬ್ಯಾಡ್ರಿ!"

ಅಷ್ಟರಲ್ಲಿ ಮೊದಲ ಬಟ್ಟಲು ಕೆಂಚವೀರಪ್ಪನ ಕೈ ಸೇರಿತ್ತು. ಅವನು ಒಂದು ಚಮಚ ಬಾಯಿಗಿಟ್ಟ. ಹುಬ್ಬುಗಳು ಏರಿ ರುಮಾಲಿನೊಳಗೆ ಸೇರಿಕೊಂಡವು. ವಾಲಗದವರೂ ಉಸಿರು ಹಿಡಿದರು.

ತಿಪ್ಪೇರುದ್ರಪ್ಪ ತಾನೂ ಬೆರಳಲ್ಲಿ ನೆಕ್ಕಿ ನೋಡಿದ. ಸಮುದ್ರ! ಆದರೂ ಆ ನಾಲಿಗೆ ಸೋಲುವಂಥದ್ದೇ? "ಬೊಂಬಾಯಿ ಪದ್ಧತಿ, ಯಜಮಾನ್ರೆ. ನಿಮಗೆ ಹೇಳೋದೇನೈತೆ? ಅಲ್ಲೇ ತಿಂದು ಬಂದೋರು."

ಕೆಂಚವೀರಪ್ಪ ಬೊಂಬಾಯಿಗೆ ಒಮ್ಮೆ ಹೋಗಿದ್ದ. ಅಲ್ಲಿ ತಿಂದದ್ದು ಕಟ್ಟಿಕೊಂಡು ಹೋದ ರೊಟ್ಟಿ. ಊರಿಗೆ ಹೇಳಿದ್ದು ಮಾತ್ರ, ದಿನಾ ಐಸ್‌ಕ್ರೀಮಿನಲ್ಲೇ ಮುಖ ತೊಳೆಯುತ್ತಿದ್ದೆ ಅಂತ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ. "ಹೌದ್ಹೌದು! ಥೇಟ್ ಬೊಂಬಾಯಿ!"

ಯಜಮಾನ ಹೌದೆಂದ ಮೇಲೆ ಹಳ್ಳಿಗರೆನ್ನಿಸಿಕೊಳ್ಳಲು ಯಾರಿಗೆ ಮನಸ್ಸು? ನಾನೂರು ಜನ ಮುಖ ಕಿವುಚುತ್ತ ಬಟ್ಟಲು ಖಾಲಿ ಮಾಡಿದರು. ಕಚೇರಿಯ ಗುಮಾಸ್ತನೊಬ್ಬ, "ಉಪ್ಪು ಇನ್ನೊಂಚೂರು ಮುಂದಿದ್ರೂ ನಡೀತಿತ್ತು," ಎಂದು ತನ್ನ ತಿಳುವಳಿಕೆ ತೋರಿಸಿದ.

"ಟೆಂಟಿನ ಅಂಗಡಿ ನಿಮ್ಮದೇ ತಿಪ್ಪೇರುದ್ರಪ್ನೋರೆ," ಎಂದ ಕೆಂಚವೀರಪ್ಪ, ಚೊಂಬುಗಟ್ಟಲೆ ನೀರು ಕುಡಿಯುತ್ತ. "ಆದ್ರೆ ಬೇಸಿಗೆಯಿಡೀ ಇದೇ ರುಚಿ ಇರ್ಬೇಕು."

ಕಮಲಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿ ಅವಳದಾಗುತ್ತಿತ್ತು. ಬೆಳಕು, ಗಾಳಿ, ತಿನ್ನುವವರ ಮುಖ. ಆದರೆ ಎಂಥ ಮುಖ! ಹನ್ನೊಂದು ವರ್ಷ ತೋಳು ಸವೆಸಿದ್ದು ಈ ಕಿವುಚಿದ ಮೂತಿಗಳನ್ನು ಎದುರಿಗೆ ಕೂತು ನೋಡುವುದಕ್ಕೆ? ಅವಳು ಚಿಕ್ಕ ಯಂತ್ರ ಎತ್ತಿಕೊಂಡು ನೇರ ಕೆಂಚವೀರಪ್ಪನ ತಾಯಿ ಉಚ್ಚೆಂಗೆಮ್ಮನ ಬಳಿ ಹೋದಳು. ನಾನೂರು ಜನರಲ್ಲಿ ಬಾಯಿಗಿಟ್ಟದ್ದನ್ನು ಉಗಿದಿದ್ದವಳು ಆ ಹಲ್ಲಿಲ್ಲದ ಮುದುಕಿ ಒಬ್ಬಳೇ.

"ಅವ್ವಾ, ಇದನ್ನ ನೋಡು."

ಮುದುಕಿ ಒಂದು ಚಮಚ ತಿಂದಳು. ಕಣ್ಣು ಮುಚ್ಚಿದಳು. ಮಾತಿಗೆಂದು ಬಾಯಿ ತೆರೆದದ್ದು ಬಟ್ಟಲು ಖಾಲಿಯಾದ ಮೇಲೆ. "ಲೇ ಕೆಂಚವೀರಾ, ಬಾರೋ ಇಲ್ಲಿ. ಆಗ ನೀನು ತಿಂದು ಕುಣಿದದ್ದು ಉಪ್ಪಿನಕಾಯಿ ಜಾಡಿ ತೊಳೆದ ನೀರು. ಇದನ್ನ ತಿನ್ನು." ಕಮಲಕ್ಕನ ಕಡೆ ತಿರುಗಿದಳು. "ಯಾರು ಮಾಡಿದ್ದವ್ವಾ ಇದು?"

"ನಾನೇ."

"ಅದು?"

"ಅದೂ ನಾನೇ. ತೂತು ಮುಚ್ಚಿದ್ದು ಇವ್ರು."

ಅವಳು ದೊಡ್ಡ ಬಕೀಟಿನ ತೂತಿನಿಂದ ಶಲ್ಯದ ಮುದ್ದೆಯನ್ನು ಕಿತ್ತು ಎಲ್ಲರಿಗೂ ತೋರಿಸಿದಳು. ಉಪ್ಪುನೀರು ಚಿಲ್ಲೆಂದು ಹಾರಿ ತಿಪ್ಪೇರುದ್ರಪ್ಪನ ಪಂಚೆ ನೆನೆಸಿತು. ಆ ಕ್ಷಣದಿಂದ ನಾನೂರು ಜನಕ್ಕೂ ಅದು ಕೆಟ್ಟಿದೆಯೆಂದು ಮೊದಲೇ ಗೊತ್ತಿತ್ತು. ಗುಮಾಸ್ತನಿಗಂತೂ ವಾಸನೆಯಲ್ಲೇ ಗೊತ್ತಾಗಿತ್ತು.

"ಅಂಗಡಿ ಈ ಹೆಣ್ಮಗಳಿಗೆ," ಎಂದಳು ಮುದುಕಿ. ಮಗ ತುಂಬಿದ ಬಾಯಲ್ಲೇ ತಲೆಯಾಡಿಸಿದ.

ಆ ಬೇಸಿಗೆ ಟೆಂಟಿನಲ್ಲಿ ಸಿನೆಮಾ ಶುರುವಾದರೂ ಅರ್ಧ ಜನ ಬಾಗಿಲಲ್ಲೇ ಇರುತ್ತಿದ್ದರು. ಕಮಲಕ್ಕ ಕುರ್ಚಿಯ ಮೇಲೆ ಕೂತು ಬಟ್ಟಲು ಕೊಟ್ಟು ಮುಖ ನೋಡುತ್ತಿದ್ದಳು. ಹಿಂದೆ ನೆಲದ ಮೇಲೆ, ಯಂತ್ರದ ಪಕ್ಕ, ತೂತು ಬಿಡಿಸುವ ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು, ತಿಪ್ಪೇರುದ್ರಪ್ಪ.

"ಈ ತೂತು ಐತಲ್ಲ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ, "ಇದನ್ನ ಕಂಡುಹಿಡಿದದ್ದೇ ನಮ್ಮ ತಾತ. ಬಿಳಿ ದೊರೆಗಳು..."

"ಏನ್ರೀ," ಎನ್ನುತ್ತಿದ್ದಳು ಕಮಲಕ್ಕ, ತಿರುಗಿಯೂ ನೋಡದೆ. "ಹಿಡಿಕೆ ನಿಂತೈತೆ."