ಹನ್ನೊಂದನೆಯ ಕಲಮಿನ ಕಾಫಿ

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ದಿನಾ ಸಂಜೆ ರಾಜ್ಯಾಂಗ ಸಭೆ ಕೂರುತ್ತಿತ್ತು. ದಿಲ್ಲಿಯ ಸಭೆಯಲ್ಲಿ ಮುನ್ನೂರು ಚಿಲ್ಲರೆ ಮೆಂಬರುಗಳು, ದುಂಡನೆಯ ಕಟ್ಟಡ, ತಲೆಯ ಮೇಲೆ ಫ್ಯಾನು. ಇಲ್ಲಿ ಒಂಬತ್ತು ಜನ, ಒಂದು ಹುಣಸೆಮರ, ತಲೆಯ ಮೇಲೆ ಕಾಗೆ. ಮಿಕ್ಕಂತೆ ಏನೇನೂ ವ್ಯತ್ಯಾಸವಿಲ್ಲ ಎಂಬುದು ಗಲ್ಲಿಯವರ ವಾದ.

ಇದನ್ನು ಶುರು ಮಾಡಿದವನು ಮುನಿಶಾಮಿ. ಮಿಷನ್ ಸ್ಕೂಲಿನಲ್ಲಿ ಎಂಟನೆಯ ಕ್ಲಾಸಿನವರೆಗೆ ಓದಿ ಈಗ ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹುಡುಗ. ಬೆನ್ಸನ್ ಟೌನಿನ ದೊರೆಸಾನಿಯ ಬಂಗಲೆಯಲ್ಲಿ ಆಯಾ ಆಗಿದ್ದ ಅಂಜಿನಮ್ಮ, ಓದಿ ಬಿಸಾಕಿದ ಇಂಗ್ಲಿಷ್ ಪೇಪರನ್ನು ಸಂಜೆ ಸೆರಗಿನಲ್ಲಿ ಸುತ್ತಿಕೊಂಡು ತರುತ್ತಿದ್ದಳು. ಮುನಿಶಾಮಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಬರೀ ಕೇಳಿ ಕೇಳಿ ಬೇಜಾರಾಗಿ ಒಬ್ಬೊಬ್ಬರೂ ದಿಲ್ಲಿಯ ಒಬ್ಬೊಬ್ಬ ಮೆಂಬರನ್ನು ತಮ್ಮವರೆಂದು ಹಿಡಿದುಕೊಂಡರು. ನಿಮ್ಮ ಮೆಂಬರು ಅಲ್ಲಿ ಎದ್ದು ಮಾತಾಡಿದರೆ ನೀವು ಇಲ್ಲಿ ಎದ್ದು ಮಾತಾಡಬೇಕು. ಅವರು ಬಾಯಿ ಬಿಡದಿದ್ದರೆ ನೀವೂ ಬಿಡುವಂತಿಲ್ಲ. ಕೊನೆಗೆ ಕೈ ಎಣಿಕೆ. ಗಲ್ಲಿಯ ಸ್ವಂತ ವಿಷಯಗಳೂ, ನಲ್ಲಿಯ ಸರದಿ, ಚರಂಡಿ ಎತ್ತುವುದು, ಕುಡಿದು ಬಂದು ಹೆಂಡತಿಗೆ ಹೊಡೆದವನಿಗೆ ದಂಡ, ಅದೇ ಸಭೆಯಲ್ಲಿ ತೀರ್ಮಾನವಾಗುತ್ತಿದ್ದವು. ಸಂಜೆ ಕೈ ಎತ್ತಿದರೆ ಬೆಳಗ್ಗೆ ಜಾರಿ.

ಹೆಂಗಸರಿಗೆ ಸಭೆ ಯಾಕೆ ಎಂದು ಶುರುವಿನಲ್ಲಿ ಗಂಡಸರು ಗೊಣಗಿದ್ದರು. "ದಿಲ್ಲೀಲಿ ಅವ್ರೆ. ನಮ್ಮ ಜನದ ಹೆಣ್ಣುಮಗಳೇ ಒಬ್ಳು ಮದರಾಸಿಂದ ಹೋಗವ್ಳೆ. ಅವಳ ಜಾಗ ನಂದು" ಎಂದು ಅಂಜಿನಮ್ಮ ಮರದ ಬೇರಿನ ಮೇಲೆ ಕೂತವಳು ಏಳಲೇ ಇಲ್ಲ. ಆದರೆ ಆ ಮೆಂಬರಮ್ಮನ ಮಾತನ್ನು ಪೇಪರಿನವರು ಹಾಕಿದರೆ ತಾನೆ. ತಿಂಗಳುಗಟ್ಟಲೆ ಅಂಜಿನಮ್ಮ ತುಟಿ ಹೊಲಿದುಕೊಂಡು ಕೂತಳು. ಅವಳ ನಲವತ್ತೈದು ವರ್ಷದ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿರಲಿಲ್ಲ.

ನಲವತ್ತೆಂಟನೆಯ ಇಸವಿ, ನವೆಂಬರು ಮೂವತ್ತು, ಮಂಗಳವಾರ. ಮುನಿಶಾಮಿ ಪೇಪರು ಬಿಡಿಸಿದವನು ಒಂದು ಸುದ್ದಿಯ ಮೇಲೆ ಬೆರಳಿಟ್ಟು ಮತ್ತೆ ಮೊದಲಿಂದ ಓದಿಕೊಂಡ.

"ಏನೋ, ಯಾರಾದ್ರೂ ಹೋಗ್ಬಿಟ್ರಾ?" ಎಂದಳು ಅಂಜಿನಮ್ಮ.

"ಇಲ್ಲಕ್ಕ. ಹನ್ನೊಂದನೇ ಕಲಂ ಪಾಸಾಯ್ತು. ಮುಟ್ಟಬಾರದು ಅನ್ನೋದು ಇವತ್ತಿಂದ ರದ್ದು. ಯಾವ ರೂಪದಲ್ಲಿ ಮಾಡಿದ್ರೂ ಶಿಕ್ಷೆ. ನಿಮ್ಮ ಮೆಂಬರಮ್ಮನೂ ಮಾತಾಡವ್ರೆ."

ದಿಲ್ಲಿಯ ಸಭೆಯವರೆಲ್ಲ ಗಾಂಧಿಗೆ ಜೈ ಅಂದರಂತೆ. ಕರಡು ಬರೆದವನಿಗೆ ಯಾರೂ ಅಂದಂತೆ ಕಾಣಲಿಲ್ಲ. ಆ ಕೊರತೆಯನ್ನು ಹುಣಸೆಮರದ ಸಭೆ ಮೊದಲು ತುಂಬಿತು, ಕಾಗೆಗಳು ಎದ್ದು ಹಾರುವಷ್ಟು ಜೋರಾಗಿ. ಆಮೇಲೆ ಅಂಜಿನಮ್ಮ ಎದ್ದಳು. ಏಳು ತಿಂಗಳ ಮಾತು ಒಳಗಿತ್ತು, ಬಂದದ್ದು ಇಷ್ಟೇ.

"ನಾಳೆ ಬೆಳಗ್ಗೆ ನಾನು ಶ್ರೀರಾಮಪ್ಪನ ಹೋಟ್ಲಲ್ಲಿ ಒಳಗೆ ಕೂತು ಕಾಫಿ ಕುಡೀತೀನಿ."

ಒಂಬತ್ತು ಕೈಗಳೂ ಮೇಲೆದ್ದವು.

ಬಜಾರಿನ ಶ್ರೀರಾಮಪ್ಪನ ಹೋಟೆಲಿನಲ್ಲಿ ಗಲ್ಲಿಯವರ ಜಾಗ ಹಿತ್ತಿಲು. ಅಲ್ಲಿ ಗೋಡೆಯ ಮೊಳೆಗೆ ತಗಡಿನ ಲೋಟ ನೇತುಬಿದ್ದಿರುತ್ತಿತ್ತು. ತಾವೇ ತೆಗೆದುಕೊಂಡು ಒಡ್ಡಬೇಕು, ಮೇಲಿಂದ ಹೊಯ್ಯಿಸಿಕೊಳ್ಳಬೇಕು, ಕುಡಿದು ತೊಳೆದು ಮತ್ತೆ ನೇತುಹಾಕಬೇಕು. ಬಂಗಲೆಯಲ್ಲಿ ದೊರೆಸಾನಿಯ ಪಿಂಗಾಣಿ ಬಟ್ಟಲಿಗೆ ಟೀ ಬಗ್ಗಿಸುವ ಅಂಜಿನಮ್ಮನ ಕೈಗೆ ಇಲ್ಲಿ ಹನ್ನೆರಡು ವರ್ಷದಿಂದ ಆ ತಗಡು. ಮೈಸೂರು ಸರ್ಕಾರದಲ್ಲಿ ಇಂಥದ್ದಕ್ಕೆಲ್ಲ ಏನೋ ಕಾಯಿದೆ ಉಂಟು ಎಂದು ಮುನಿಶಾಮಿ ಒಮ್ಮೆ ಹೇಳಿದ್ದ. ಇದ್ದರೆ ಅದು ಹಿತ್ತಿಲ ಕಡೆಯಿಂದ ಬಂದು ಹಿತ್ತಿಲ ಕಡೆಯಿಂದಲೇ ಹೋಗಿರಬೇಕು.

ಬುಧವಾರ ಬೆಳಗ್ಗೆ ಅವಳು ಮುಂಬಾಗಿಲಿಂದ ಹೋಗಿ, ಜಟಕಾ ಹೊಡೆಯುವ ಕರೀಮನ ಪಕ್ಕದ ಬೆಂಚಿನಲ್ಲಿ ಕೂತಳು.

"ಏಯ್ ಅಂಜಿನಮ್ಮ, ಹಿತ್ತಿಲಿಗೆ ಹೋಗು. ಕಳಿಸ್ತೀನಿ" ಎಂದ ಶ್ರೀರಾಮಪ್ಪ, ಗಲ್ಲಾದಿಂದ ತಲೆ ಎತ್ತದೆ.

"ಹಿತ್ತಿಲು ಮೊನ್ನೆಗೆ ಮುಗೀತು ಸ್ವಾಮಿ. ದಿಲ್ಲೀಲಿ ಕೈ ಎತ್ಬಿಟ್ರು. ಪೇಪರ್ ನೋಡ್ಲಿಲ್ವಾ?"

ನೋಡಿದ್ದ. ಅದರಲ್ಲೂ ಶಿಕ್ಷೆ ಎಂಬ ಪದವನ್ನು ಎರಡು ಸಲ ನೋಡಿದ್ದ. ಪೋಲೀಸ್ ಠಾಣೆ ನಾಲ್ಕೇ ಅಂಗಡಿ ಆಚೆ. ಅವನು ಹೊರಗೆ ಇಣುಕಿದ, ಒಳಗೆ ನೋಡಿದ, ಕೊನೆಗೆ ತಾನೇ ಎದ್ದು ಹಿತ್ತಾಳೆ ಲೋಟದಲ್ಲಿ ಕಾಫಿ ತಂದ. ಮೇಲಿಂದ ಹೊಯ್ಯಲಿಲ್ಲ. ಮೇಜಿನ ಮೇಲೆ ಇಟ್ಟ. ಹನ್ನೆರಡು ವರ್ಷ ನಿಂತು ಗುಟುಕರಿಸಿದ್ದವಳಿಗೆ ಕೂತು ಕುಡಿಯುವಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಮೇಜಿನ ಮೇಲಿಟ್ಟಳು, ಕೊನೆಗೆ ಪಕ್ಕದವನು ಹೇಗಿಟ್ಟಿದ್ದಾನೆ ನೋಡಿ ಹಾಗೇ ಇಟ್ಟಳು.

ಶುಕ್ರವಾರದ ಹೊತ್ತಿಗೆ ಇಡೀ ಸಭೆಯೇ ಅಲ್ಲಿ ಕಾಫಿ ಕುಡಿಯುತ್ತಿತ್ತು. ಮುನಿಶಾಮಿಯಂತೂ ಛಾಪಖಾನೆಗೆ ಹೋಗುವಾಗೊಂದು, ಬರುವಾಗೊಂದು.

ಶನಿವಾರ ಕೆಟ್ಟಿತು. ವಕೀಲರ ಗುಮಾಸ್ತೆ ಅಂಜನಮೂರ್ತಿ ಇಡ್ಲಿ ಮುರಿಯುತ್ತ ಎದುರಿನ ಬೆಂಚಿನಲ್ಲಿ ಅಂಜಿನಮ್ಮನನ್ನು ಕಂಡ. "ಇದೇನ್ರೀ ಶ್ರೀರಾಮಪ್ಪ?"

"ದಿಲ್ಲಿ ಕಾನೂನು ಸ್ವಾಮಿ, ನಾನೇನು ಮಾಡ್ಲಿ?"

ಅಂಜನಮೂರ್ತಿ ನಕ್ಕ. "ಕಾನೂನೆಲ್ಲಿ ಬಂತು? ಅದು ಕರಡು ಕಣ್ರೀ. ಒಂದೊಂದೇ ಕಲಂ ಪಾಸು ಮಾಡ್ಕೊಂಡು ಹೋಗ್ತಾರೆ, ಇನ್ನೂ ಮುನ್ನೂರು ಬಾಕಿ ಇದೆ. ಎಲ್ಲ ಮುಗಿದು, ಸಹಿ ಬಿದ್ದು, ಜಾರಿ ಆಗೋಕೆ ವರ್ಷಾನೇ ಹಿಡಿಯುತ್ತೆ. ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ ನಿಮಗೆ."

ಬಾಗಿಲಿಗೆ ಬಂದಿದ್ದ ಮುನಿಶಾಮಿ ಹೊಸ್ತಿಲಾಚೆಯೇ ನಿಂತ. ಸಂಜೆ ಕೈ ಎತ್ತಿದರೆ ಬೆಳಗ್ಗೆ ಜಾರಿ ಎಂಬುದು ಹುಣಸೆಮರದ ಪದ್ಧತಿ. ದಿಲ್ಲಿಯದೂ ಅದೇ ಎಂದುಕೊಂಡವರು ತಾವು. ಅಷ್ಟು ದೊಡ್ಡ ಮಂದಿ ತೀರ್ಮಾನ ಮಾಡಿಯೂ ಕಾಯುತ್ತಾರೆ ಎಂದು ಗಲ್ಲಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಶ್ರೀರಾಮಪ್ಪನ ಮುಖಕ್ಕೆ ಮೂರು ದಿನದಿಂದ ಹೋಗಿದ್ದ ರಕ್ತ ವಾಪಸು ಬಂತು. "ಕೇಳಿಸ್ತಾ ಅಂಜಿನಮ್ಮ? ಏಳು. ಕಾನೂನು ಬಂದ ದಿನ ನಾನೇ ಕರೀತೀನಿ."

ಅಂಜಿನಮ್ಮ ಏಳಲಿಲ್ಲ. ಎದ್ದರೆ ಹಿತ್ತಿಲೇ ಗತಿ, ಅದು ಅವಳಿಗೆ ಗೊತ್ತು.

"ಆಯ್ತು. ಸಭೆ ಮಾಡೋಣ" ಎಂದಳು. "ನಾನು ಆಚೆ ಹೋಗ್ಬೇಕು ಅನ್ನೋರು ಕೈ ಎತ್ತಿ."

"ಇದೆಂಥದು? ನಿನ್ನ ಪರ ಯಾರಿದಾರೆ ಅಂತ ಕೇಳ್ಬೇಕು" ಎಂದ ಅಂಜನಮೂರ್ತಿ.

"ನನ್ನ ಪರ ಯಾಕೆ ಸ್ವಾಮಿ? ನಾನು ಕೂರೋದಕ್ಕೆ ನಿಮ್ಮ ಅಪ್ಪಣೆ ಕೇಳ್ತಿಲ್ಲ. ಬೇಡ ಅನ್ನೋರ ಮುಖ ನೋಡ್ಬೇಕು, ಅಷ್ಟೆ."

ಹೋಟೆಲಿನಲ್ಲಿ ಇಪ್ಪತ್ತು ಜನ ಇದ್ದರು. ಹಿಂದೆ ಒಬ್ಬನೂ ಅವಳ ಕಡೆ ಕಣ್ಣೆತ್ತಿ ನೋಡಿದವನಲ್ಲ. ಈಗ ಒಬ್ಬನಿಗೂ ಅವಳ ಕಣ್ಣಿಗೆ ಬೀಳುವ ಧೈರ್ಯವಿಲ್ಲ. ಚಟ್ನಿಯಲ್ಲಿ ಎಲ್ಲರಿಗೂ ಏನೋ ಸಿಕ್ಕಿದಂತಿತ್ತು, ಅದನ್ನೇ ಹುಡುಕುತ್ತ ಕೂತರು.

"ಕರೀಮಣ್ಣ?"

"ಹಾತ್ ಖಾಲಿ ನೈ ಅಮ್ಮಾ, ಬಲಗೈಲಿ ಇಡ್ಲಿ. ಎಡಗೈ ಎತ್ತಿದ್ರೆ ದಿಲ್ಲಿಗೆ ಬೇಇಜ್ಜತಿ."

ಯಾರೋ ಕಿಸಕ್ಕೆಂದರು. ಅಂಜನಮೂರ್ತಿಯ ಕೈ ಮಾತ್ರ ಮೇಜು ಬಿಟ್ಟು ಏಳುತ್ತಿತ್ತು. ಅಂಜಿನಮ್ಮ ಅವನ ಮುಖವನ್ನೇ ನೋಡಿದಳು, ಸುಮ್ಮನೆ, ರೆಪ್ಪೆ ಹೊಡೆಯದೆ. ಕೈ ಕಿವಿಯವರೆಗೆ ಬಂತು. ಸುತ್ತ ಇನ್ನೊಂದು ಕೈ ಕಾಣಲಿಲ್ಲ. ಅದು ಕಿವಿ ಕೆರೆದು ಕೆಳಗಿಳಿಯಿತು.

"ಶ್ರೀರಾಮಪ್ಪನೋರೇ, ನೀವು?"

ಅವನು ಕಾಫಿ ಆರಿಸುತ್ತಿದ್ದ. ಎರಡು ಕೈಯಲ್ಲೂ ಲೋಟ; ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಒಂದನ್ನು ಕೆಳಗಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಆ ಕಾಫಿ ಆರುತ್ತ ಹೋಯಿತು, ಆರಿ ತಣ್ಣಗಾಗುವವರೆಗೂ ಹೊಯ್ಯುತ್ತಲೇ ಇದ್ದ.

"ಠರಾವು ಬಿದ್ದೋಯ್ತು" ಎಂದಳು ಅಂಜಿನಮ್ಮ, ಸಭೆಯ ಅಧ್ಯಕ್ಷರು ಹೇಳುವ ಧಾಟಿಯಲ್ಲಿ. "ಆ ತಣ್ಣಗಾಗಿರೋದನ್ನ ನೀವೇ ಕುಡೀರಿ. ನನಗೆ ಬಿಸೀದು ಕೊಡಿ."

ಶ್ರೀರಾಮಪ್ಪ ಏನೋ ಗೊಣಗುತ್ತ ಒಲೆಯ ಕಡೆ ಹೋದ.

ಮುನಿಶಾಮಿ ಇನ್ನೂ ಹೊಸ್ತಿಲಾಚೆಯೇ ಇದ್ದ, ತಪ್ಪು ಮಾಡಿದ ಮುಖ ಹೊತ್ತು. "ಅಕ್ಕ, ಅವರು ಹೇಳಿದ್ದು ನಿಜ. ಜಾರಿ ಆಗಿಲ್ಲ. ನಾನು ಸರಿಯಾಗಿ ತಿಳ್ಕೊಳ್ದೆ ಹೇಳ್ಬಿಟ್ಟೆ."

"ವರ್ಷ ಹಿಡಿಯುತ್ತಂತಲ್ಲ?"

"ಹೂಂ. ಜಾಸ್ತೀನೂ ಆಗ್ಬೋದು."

"ಅಲ್ಲೀತನಕ ಅಲ್ಲೇ ನಿಂತಿರ್ತೀಯಾ? ಕಾಲು ಸೋಲುತ್ತೆ ಕಣೋ" ಎಂದು ಅವಳು ಬೆಂಚಿನಲ್ಲಿ ಕರೀಮನ ಕಡೆಗೆ ಸರಿದು ಜಾಗ ಮಾಡಿದಳು.

ಮುನಿಶಾಮಿ ಅಂಜನಮೂರ್ತಿಯನ್ನು ನೋಡಿದ. ಅಂಜನಮೂರ್ತಿ ಇಡ್ಲಿ ನೋಡುತ್ತಿದ್ದ. ಮುನಿಶಾಮಿ ಒಂದು ಕಾಲು ಒಳಗಿಟ್ಟ, ಇನ್ನೊಂದನ್ನೂ ಇಟ್ಟ, ಬಂದು ಕೂತ.

"ಎರಡು" ಎಂದು ಅಂಜಿನಮ್ಮ ಒಲೆಯ ಕಡೆಗೆ ಕೂಗಿ ಹೇಳಿದಳು.