ಕತ್ತಲೆ ಫಿಲ್ಮು

ಸತ್ತುಹೋಯಿತೆಂದು ಅತ್ತು ಕರೆದು ಮುಗಿಸಿದ ಮೇಲೆ ಅದೇ ಎದ್ದು ಬಂದರೆ ಯಾರಿಗೆ ಖುಷಿಯಾಗುವುದಿಲ್ಲ? ಊರಿಗೆಲ್ಲ ಆಯಿತು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ನಮ್ಮ ಮನೆಯಲ್ಲಿ ಅದನ್ನು ಕತ್ತಲೆ ಫಿಲ್ಮು ಅನ್ನುತ್ತಿದ್ದೆವು. ಕಪ್ಪು ಬಿಳುಪಿನದು, ಮಹಾ ಚುರುಕು. ಒಂದು ದೀಪದ ಬೆಳಕು ಸಿಕ್ಕರೆ ಸಾಕು, ಚಿತ್ರ ಹಿಡಿದುಬಿಡುತ್ತಿತ್ತು. ಅಣ್ಣ ಅದನ್ನೇ ನಂಬಿ ಬದುಕಿದವನು. ನಾಟಕಗಳ ಫೋಟೋ ತೆಗೆಯುವುದು ಅವನ ಕಸುಬು, ಒಂದು ದಿನವೂ ಫ್ಲಾಶ್ ಹೊಡೆದವನಲ್ಲ. ಅವನು ತೆಗೆದದ್ದನ್ನು ಮೆಟ್ಟಿಲ ಕೆಳಗಿನ ಡಾರ್ಕ್ ರೂಮಿನಲ್ಲಿ ತೊಳೆದು ಪ್ರಿಂಟ್ ಹಾಕುವುದು ನನ್ನ ಕಸುಬು. ಹತ್ತು ವರ್ಷದ ಹಿಂದೆ ಕಂಪನಿಯವರು ಆ ಫಿಲ್ಮು ಮಾಡುವುದನ್ನೇ ನಿಲ್ಲಿಸಿದರು. ಅಣ್ಣ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿ, "ಆ ಫಿಲ್ಮ್ ಇಲ್ಲ ಅಂದ್ಮೇಲೆ ನಾನು ಕ್ಯಾಮೆರಾ ಮುಟ್ಟಲ್ಲ" ಅಂದ. ಎಲ್ಲರೂ ತಲೆದೂಗಿದರು. ಎಂಥ ನಿಷ್ಠೆ, ಎಂಥ ಕಲಾವಿದ!

ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ಅವನ ಕೈ ನಡುಗಲು ಶುರುವಾಗಿತ್ತು. ಕೊನೆಯ ವರ್ಷದ ರೀಲುಗಳನ್ನು ತೊಳೆದವಳು ನಾನು. ನಟರ ಮುಖಗಳೆಲ್ಲ ಒದ್ದೆ ಬಟ್ಟೆಯಲ್ಲಿ ಪಕ್ಕಕ್ಕೆ ಒರೆಸಿದ ಹಾಗಿದ್ದವು. ನೆಟ್ಟಗೆ ಬಂದ ಒಂದೆರಡನ್ನು ಆರಿಸಿ ಪ್ರಿಂಟ್ ಹಾಕಿ ಕೊಡುತ್ತಿದ್ದೆ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನ ಪುಣ್ಯಕ್ಕೆ ನೆಲವೇ ಮಾಯವಾಯಿತು. ಅಂದಿನಿಂದ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ದಿನಾ ಸಂಜೆ ಆ ಕಂಪನಿಗೆ ಶಾಪ ಹಾಕುತ್ತಾನೆ. ಕೇಳಿ ಕೇಳಿ ನನಗೆ ಸಾಕುಬೇಕಾಗಿ ಹೋಗಿದೆ.

ಈ ಗುಟ್ಟನ್ನು ಅತ್ತಿಗೆಗೂ ಹೇಳಿರಲಿಲ್ಲ. ಅತ್ತಿಗೆಯ ಲೆಕ್ಕಾಚಾರವೇ ಬೇರೆ. ನಮಗೆಲ್ಲ ತುಂಬಿದ ಲೋಟದಲ್ಲಿ ಚಹಾ ಕೊಟ್ಟು, ಗಂಡನಿಗೆ ಮಾತ್ರ ಅರ್ಧ ಲೋಟ ಕೊಡುತ್ತಾರೆ. ಅದು ಮುಗಿದ ಮೇಲೆ ಕೇಳಿದರೆ ಇನ್ನರ್ಧ. ದುಡಿಮೆ ನಿಂತ ಗಂಡನಿಗೆ ಚಹಾದಲ್ಲೂ ಜಿಪುಣತನವೇ ಅಂತ ನಾನು ಎಷ್ಟೋ ಸಲ ಒಳಗೊಳಗೇ ಕುದಿದಿದ್ದೇನೆ.

ಮೊನ್ನೆ ಬೆಳಿಗ್ಗೆ ಗುಡುಗಪ್ಪ ಬಂದ. ನಾಟಕ ಆಡಿಸುವವನು, ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವನು ಗುಟ್ಟು ಹೇಳಿದರೂ ಎದುರು ಮನೆಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು.

"ಬಂತು ಕಣೋ! ನಿನ್ನ ಫಿಲ್ಮ್ ವಾಪಸ್ ಬಂತು! ಅದೇ ಕಂಪನಿ, ಅದೇ ಡಬ್ಬಿ!" ಎನ್ನುತ್ತಾ ಐದು ಡಬ್ಬಿಗಳನ್ನು ಮೇಜಿನ ಮೇಲೆ ಸುರಿದ. "ನಾಳೆ ಮಧ್ಯಾಹ್ನ ರಿಹರ್ಸಲ್. ಇಡೀ ನಾಟಕಕ್ಕೆ ಒಂದೇ ಲಾಟೀನು. ಇದೇ ನನ್ನ ಕೊನೇ ನಾಟಕ, ನೀನೇ ತೆಗೀಬೇಕು."

"ಈಗ ಫೋನಲ್ಲೇ ಕತ್ತಲಲ್ಲೂ ತೆಗೀತಾರಲ್ಲ" ಅಂದೆ ನಾನು, ಹೇಗಾದರೂ ತಪ್ಪಿಸೋಣವೆಂದು.

"ಥೂ! ಫೋನಂತೆ ಫೋನು! ಹತ್ತು ವರ್ಷ ಇವನು ಇದಕ್ಕೇ ಕಾದಿಲ್ವೇನಮ್ಮಾ? ನೋಡು, ಖುಷಿಗೆ ಬಾಯಲ್ಲಿ ಮಾತೇ ಹೊರಡ್ತಿಲ್ಲ!"

ಅಣ್ಣನ ಆ ಮುಖ ನನಗೆ ಗೊತ್ತು. ಅದು ಖುಷಿಯಲ್ಲ, ಮನೆ ಬಾಗಿಲಿಗೆ ಪೊಲೀಸರು ಬಂದರೆ ಆಗುವಂಥ ಮುಖ. ಒಲ್ಲೆ ಅನ್ನುವುದಕ್ಕೆ ಕಾರಣ ಉಳಿದಿಲ್ಲ. ಹೂಂ ಅಂದರೆ ಊರೆಲ್ಲ ಹೊಗಳಿದ ಕೈ ಹೇಗಿದೆಯೆಂದು ಊರಿಗೇ ಗೊತ್ತಾಗುತ್ತದೆ. ಅವನು ಹೂಂ ಅಂದ.

ಮರುದಿನ ಚೀಲ ಹೊತ್ತುಕೊಂಡು ನಾನೂ ಹೋದೆ. ರಿಹರ್ಸಲ್ ಹಾಲ್‌ನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹಾಕಿದ್ದರು. ಅಣ್ಣ ನಮಗೆ ಬೆನ್ನು ಹಾಕಿ ನಿಂತು ಕ್ಯಾಮೆರಾದೊಳಗೆ ಫಿಲ್ಮು ತುಂಬಿದ, ಹಿಂಬದಿಯ ಮುಚ್ಚಳ ಟಕ್ಕೆಂದು ಹಾಕಿದ. ಲಾಟೀನು ಹೊತ್ತಿತು. ಅವನು ಹಳೆಯ ಹಾಗೇ ಮಂಡಿಯೂರಿ, ಎದ್ದು, ಮೂಲೆಗೆ ಸರಿದು, ಒಂದಾದ ಮೇಲೊಂದು ಒತ್ತುತ್ತಾ ಹೋದ. ನಟರು ಅವನನ್ನೇ ಕದ್ದು ನೋಡುತ್ತಿದ್ದರು.

ನಾನು ನೋಡುತ್ತಿದ್ದದ್ದು ಕ್ಯಾಮೆರಾದ ಎಡತುದಿಯ ಸಣ್ಣ ಗುಂಡಿಯನ್ನು. ಪ್ರತಿ ಫೋಟೋ ಆದ ಮೇಲೆ ಫಿಲ್ಮು ಮುಂದೆ ಸರಿಸುವ ಬಲಗಡೆಯ ಲಿವರನ್ನು ಎಳೆದಾಗ, ಒಳಗೆ ಫಿಲ್ಮು ಸರಿಯಾಗಿ ಸಿಕ್ಕಿಕೊಂಡಿದ್ದರೆ ಆ ಗುಂಡಿ ತಾನಾಗಿ ಸುತ್ತಬೇಕು. ಸುತ್ತಲಿಲ್ಲ ಅಂದರೆ ಫಿಲ್ಮು ಡಬ್ಬಿಯೊಳಗೇ ತಣ್ಣಗೆ ಕೂತಿದೆ ಎಂದರ್ಥ. ಇದು ಕಸುಬಿನ ಮೊದಲ ದಿನದ ಪಾಠ, ನನಗೆ ಕಲಿಸಿದವನೂ ಅಣ್ಣನೇ. ಗುಂಡಿ ಅಲುಗಲಿಲ್ಲ.

"ಅಣ್ಣಾ, ಅದು..." ಅಂದೆ.

ಅವನು ತಿರುಗಿ ನನ್ನನ್ನು ಒಂದು ಸಲ ನೋಡಿದ. ಅಷ್ಟೇ. ನನಗೆ ಅರ್ಥವಾಯಿತು. ಬೇಕೆಂದೇ ತಪ್ಪು ತುಂಬಿದ್ದಾನೆ. ಕೈ ನಡುಗುತ್ತದೆ ಅನ್ನಿಸಿಕೊಳ್ಳುವುದಕ್ಕಿಂತ, ವಯಸ್ಸಾಯಿತು, ಫಿಲ್ಮು ತುಂಬುವುದು ಮರೆತಿದೆ ಅನ್ನಿಸಿಕೊಳ್ಳುವುದು ಅವನಿಗೆ ಮೇಲು. ಸಿಟ್ಟು ಬಂತು, ಪಾಪ ಅನ್ನಿಸಿತು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಗುಡುಗಪ್ಪ ಬಿಡುವ ಆಸಾಮಿಯೇ? "ಈಗಲೇ ತೊಳೀಬೇಕು, ನಾನು ನೋಡ್ಕೊಂಡೇ ಹೋಗೋದು" ಎಂದು ಮನೆಗೇ ಬಂದು, ಡಾರ್ಕ್ ರೂಮಿನ ಬಾಗಿಲಿಗೆ ಕಿವಿಯಿಟ್ಟು ನಿಂತ. ಒಳಗೆ ನಾನು ಏನೂ ಇಲ್ಲದ ಫಿಲ್ಮನ್ನು ಟ್ಯಾಂಕಿಗೆ ಸುತ್ತಿ, ಚಿತ್ರ ಮೂಡಿಸುವ ಡೆವಲಪರ್ ಸುರಿದು, ಕತ್ತಲಲ್ಲೂ ಹೊಳೆಯುವ ಗಡಿಯಾರ ನೋಡುತ್ತಾ ಅಲುಗಿಸಿದೆ. ಆಮೇಲೆ ಮೂಡದೆ ಉಳಿದದ್ದನ್ನು ಅಳಿಸುವ ಫಿಕ್ಸರ್, ಆಮೇಲೆ ನೀರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂತಾರಲ್ಲ, ಅದನ್ನು ನಿಂತು ಮಾಡಿದವಳು ನಾನೇ ಇರಬೇಕು. ಮೊಣಕಾಲು ಸಿಡಿಯುತ್ತಿತ್ತು.

ದೀಪ ಹಾಕಿ ಬಿಚ್ಚಿದೆ. ಒಂದು ಚಿತ್ರವಿಲ್ಲ, ಉದ್ದಕ್ಕೂ ಖಾಲಿ. ಅಂಚಿನಲ್ಲಿ ಮಾತ್ರ ಫಿಲ್ಮಿನ ಹೆಸರು, ಒಂದು ಎರಡು ಮೂರು ಅಂತ ಅಂಕಿಗಳು ಕಪ್ಪಗೆ ಮೂಡಿದ್ದವು. ಕಂಪನಿಯವರೇ ಬರೆದು ಕಳಿಸುವ ಅಂಕಿಗಳವು. ಡೆವಲಪರ್ ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಕಾಣುತ್ತವೆ. ತೊಳೆದವಳ ತಪ್ಪಲ್ಲ, ತೆಗೆದವನ ತಪ್ಪು ಎಂದು ಸಾಕ್ಷಿ ಹೇಳುವುದು ಅವೇ. ಬುದ್ಧಿ ಇದ್ದಿದ್ದರೆ ಮೊದಲೇ ಫಿಕ್ಸರ್ ಸುರಿಯಬಹುದಿತ್ತು, ಅಂಕಿಗಳೂ ಅಳಿಸಿಹೋಗುತ್ತಿದ್ದವು. ಕೈಗೆ ಅಭ್ಯಾಸ, ತಲೆಗೆ ದಣಿವು.

ಗುಡುಗಪ್ಪನಿಗೆ ಈ ಅಂಕಿಗಳ ವಿಷಯ ಗೊತ್ತಿಲ್ಲವೆಂಬ ಧೈರ್ಯದ ಮೇಲೆ, ಒದ್ದೆ ಫಿಲ್ಮನ್ನು ನಡುಮನೆಗೆ ತಂದೆ.

"ತಪ್ಪು ನಂದು. ಡೆವಲಪರ್ ಬದಲು ಫಿಕ್ಸರ್ ಮೊದಲು ಸುರಿದುಬಿಟ್ಟೆ. ಎಲ್ಲಾ ಹೋಯ್ತು."

ಗುಡುಗಪ್ಪ ಗುಡುಗಿದ. ಕಣ್ಣು ಎಲ್ಲಿತ್ತು, ಇಷ್ಟು ವರ್ಷ ಏನು ಕಲಿತೆ, ಇವನ ಹೆಸರಿಗೇ ಎಳ್ಳುನೀರು ಬಿಟ್ಟೆಯಲ್ಲ ಎಂದೆಲ್ಲ. ನಾನು ಗೋಡೆ ನೋಡುತ್ತಾ ನಿಂತೆ. ಕೊನೆಗೆ ಅವನೇ ಉಸಿರು ಬಿಟ್ಟು, "ಹೋಗ್ಲಿ ಬಿಡು. ಇನ್ನೂ ನಾಲ್ಕು ರೀಲಿದೆ. ಈಗೇನು, ಬೇಕಾದಷ್ಟು ಸಿಗುತ್ತೆ. ನಾಳೆ ಮತ್ತೆ ತೆಗಿಯೋಣ" ಅಂದ.

ನಾಳೆ ಮತ್ತೆ! ಆಮೇಲೆ ನಾಡಿದ್ದು. ಫಿಲ್ಮು ಸಿಗುತ್ತಲೇ ಇರುತ್ತದೆ, ಇವನು ತಪ್ಪು ತುಂಬುತ್ತಲೇ ಇರಬೇಕು, ನಾನು ಬೈಸಿಕೊಳ್ಳುತ್ತಲೇ ಇರಬೇಕು. ನನಗೆ ಅಳು ಬಂತು.

ಅಣ್ಣ ಕುರ್ಚಿಯಿಂದ ಎದ್ದ. ಶಾಲು ಜಾರಿತು, ಎತ್ತಿಕೊಳ್ಳಲಿಲ್ಲ. ನನ್ನ ಕೈಯಿಂದ ಫಿಲ್ಮನ್ನು ತೆಗೆದುಕೊಂಡು ದೀಪದ ಕೆಳಗೆ ಹಿಡಿದ.

"ಅವಳನ್ನ ಯಾಕೆ ಬೈತೀಯ? ಅಂಚಲ್ಲಿ ನಂಬರ್ ಇದೆ ನೋಡು. ಅವಳು ಸರಿಯಾಗೇ ತೊಳೆದಿದ್ದಾಳೆ. ಫಿಲ್ಮ್ ಸುತ್ತದ ಹಾಗೆ ತುಂಬಿದವನು ನಾನು."

"ಯಾಕೋ?"

ಅಣ್ಣ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಆ ಉದ್ದನೆಯ ಫಿಲ್ಮು ಮೇಲಿಂದ ಕೆಳತುದಿಯವರೆಗೂ ಗಡಗಡ ನಡುಗುತ್ತಿತ್ತು. ನೀರಿನ ಹನಿಗಳು ನೆಲದ ಮೇಲೆಲ್ಲ ಸಿಡಿದವು. ಗುಡುಗಪ್ಪ ಅದನ್ನು ನೋಡಿದ, ಅಣ್ಣನನ್ನು ನೋಡಿದ.

"ಯಾವಾಗಿಂದ?" ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಫಿಲ್ಮ್ ನಿಲ್ಲೋಕೆ ಮುಂಚಿಂದ."

ಗುಡುಗಪ್ಪ ಜಾರಿದ ಶಾಲನ್ನು ಎತ್ತಿ ಕುರ್ಚಿಯ ಮೇಲೆ ಹಾಕಿ, "ನಾಳೆ ನೀನು ಪಕ್ಕದಲ್ಲಿ ನಿಂತು ಹೇಳು. ತಂಗಿ ಒತ್ತಲಿ" ಅಂದ.

"ನಾಳೆ ನಾನು ಎಲ್ಲಿಗೂ ಬರಲ್ಲ. ಕಾಲು ಬಿದ್ದುಹೋಗಿದೆ. ನಾಡಿದ್ದು ನೋಡೋಣ" ಅಂದೆ. ಅಣ್ಣ ನಕ್ಕ. ಎಷ್ಟು ದಿನಕ್ಕೆ!

ಆಗ ನೆನಪಾಯಿತು, ಅಡುಗೆಮನೆಯಲ್ಲಿ ಅತ್ತಿಗೆ ಇದ್ದಾರೆ, ಎಲ್ಲ ಕೇಳಿಸಿಕೊಂಡಿರುತ್ತಾರೆ. ಅವರಿಗೆ ಏನು ಹೇಳುವುದೆಂದು ತಿರುಗುವಷ್ಟರಲ್ಲಿ ಅತ್ತಿಗೆಯೇ ತಟ್ಟೆ ಹಿಡಿದು ಬಂದರು. ಮುಖದಲ್ಲಿ ಗಾಬರಿಯಿಲ್ಲ, ಆಶ್ಚರ್ಯವಿಲ್ಲ. ಗುಡುಗಪ್ಪನಿಗೆ ತುಂಬಿದ ಲೋಟ ಕೊಟ್ಟರು, ನನಗೆ ತುಂಬಿದ ಲೋಟ, ಗಂಡನಿಗೆ ಅರ್ಧ.

ಅಣ್ಣ ಲೋಟ ಎತ್ತಿದ. ಕೈ ನಡುಗಿದ ಹಾಗೆ ಒಳಗಿನ ಚಹಾ ಅಂಚಿನವರೆಗೂ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಹನಿಯೂ ಚೆಲ್ಲಲಿಲ್ಲ.

ನಾನು ಅತ್ತಿಗೆಯ ಮುಖವನ್ನೇ ನೋಡುತ್ತಾ ನಿಂತೆ.

"ಏನು ನೋಡ್ತಿದೀಯ? ಆರಿಹೋಗುತ್ತೆ, ಕುಡಿ" ಅಂದರು ಅತ್ತಿಗೆ.